ಮಾರ್ನಿಂಗ್ ಶೋಗೆ ಹೆಂಗಸರ ಗೇಟು ತೆಗೆದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರನ್ನು ನಮ್ಮೂರು ಎಲೆಯಡಿಕೆಯ ಹಾಗೆ ಅಗಿದು ಉಗಿದದ್ದು ಸಾಕು. ಸಕಲೇಶಪುರದ ಟಾಕೀಸಿನಲ್ಲಿ ಹೆಂಗಸರ ಗೇಟು ಕಾಯುತ್ತಿದ್ದವರು ಎಂದರೆ ನನ್ನ ಓರಗೆಯವರಿಗೆ ತಿಳಿಯುತ್ತದೆ. ನಾವೆಲ್ಲ ಅವರನ್ನು ಗೇಟಕ್ಕ ಎನ್ನುತ್ತಿದ್ದೆವು.

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಕೆ. ಹೊಸಕೋಟೆ ಬಸ್ಸಿನ ಕಂಡಕ್ಟರು. ಆ ದಾರಿಯ ಹೈಸ್ಕೂಲೊಂದರಲ್ಲಿ ನಾನು ಪಾಠ ಮಾಡುತ್ತೇನೆ, ಮನೆ ಆಲೂರಿನಲ್ಲಿ, ದಿನಾ ಅದೇ ಬಸ್ಸು. "ಮೇಡಂ, ನಿಮ್ಮೂರ ಟಾಕೀಸಲ್ಲಿ ಒಬ್ರು ಹೆಂಗಸು ಇದ್ರಲ್ಲ, ನಮ್ಮ ಮನೆ ಹಿಂದ್ಗಡೇನೇ ಇದ್ರು. ಮೊನ್ನೆ ಹೋಗ್ಬುಟ್ರು. ಜ್ವರ ಅಂತ ಮಲಗಿದ್ರು, ಏಳ್ಲೇ ಇಲ್ಲ," ಎಂದು ಹೇಳಿ ಹಿಂದಿನ ಸೀಟಿನವರಿಗೆ ಟಿಕೆಟ್ ಕೊಡಲು ಹೋದ. ಮಣ್ಣು ಮಾಡಿ ಆಗಿತ್ತು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಬಸ್ಸು ಆಲೂರು ಮುಟ್ಟುವ ತನಕ ಲೆಕ್ಕ ಹಾಕಿದೆ. ಪಟ್ಟಿ ಉದ್ದವಿತ್ತು. ನಾನೂ ಅದರಲ್ಲಿದ್ದೆ.

ಕುಳ್ಳಗಿನ ಗಟ್ಟಿ ಹೆಂಗಸು ಅವರು. ಸೀರೆಯ ಮೇಲೊಂದು ಗಂಡಸರ ಖಾಕಿ ಅಂಗಿ, ತೋಳು ಮೊಣಕೈವರೆಗೆ ಮಡಿಚಿರುತ್ತಿತ್ತು. ಕಂಕುಳಲ್ಲಿ ಬಾಗಿದ ಹಿಡಿಯ ಕೊಡೆ, ಕೈಯಲ್ಲಿ ಮೂರು ಸೆಲ್ಲಿನ ಬ್ಯಾಟರಿ. ಟಿಕೆಟ್ ಹರಿಯುವಾಗ ಅವರು ಟಿಕೆಟ್ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಒಮ್ಮೆ ನೋಡಿದರೆ ಯಾರ ಮಗಳು, ಯಾವ ಬೀದಿ, ಯಾವ ಎಸ್ಟೇಟಿನ ಕೂಲಿ ಲೈನು ಎಂಬುದೆಲ್ಲ ತಲೆಯಲ್ಲಿ ಕೂತುಬಿಡುತ್ತಿತ್ತು. ಮೂಲ ಬಿಸಿಲೆ ಕಡೆಯವರು. ಗಂಡ ಎಡಕುಮೇರಿಯ ಹತ್ತಿರ ರೈಲು ಹಳಿಯ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಪೇಟೆಯ ಹೆಂಗಸರು ಗೇಟಿನಲ್ಲಿ ನಿಂತು ಲೊಚಗುಟ್ಟಿದರೆ ಅವರದು ಒಂದೇ ಉತ್ತರ. "ಹೋದೋನು ಹೋದ. ಒಂದ್ ಸೀಟ್ ಖಾಲಿ ಆಯ್ತು ಅಷ್ಟೇಯ. ಒಳಗ್ ನಡೀರಿ, ಪರ್ದೆ ಮೇಲೆ ಹೆಸ್ರು ಬೀಳ್ತಾ ಐತೆ."

ಕೂಸು ಅತ್ತರೆ ಟಾಕೀಸಿನಲ್ಲಿ ಗಂಡಸರ ಕಡೆಯಿಂದ ಕೂಗು ಶುರುವಾಗುತ್ತಿತ್ತು. ಗೇಟಕ್ಕ ಕತ್ತಲಲ್ಲಿ ಬಂದು ತಾಯಿಯ ಮಡಿಲಿನಿಂದ ಕೂಸನ್ನು ಎತ್ತಿಕೊಳ್ಳುತ್ತಿದ್ದರು. "ಕೊಡಿಲ್ಲಿ. ನೀನ್ ನೋಡು. ಹೀರೋಯಿನ್ನು ಸಾಯೋ ಹೊತ್ಗೆ ನಿದ್ದೆ ಮಾಡ್ಸಿ ತಂದ್ ಕೊಡ್ತೀನಿ." ಎಷ್ಟೋ ಮಕ್ಕಳು ಆ ಗೇಟಿನ ಮೆಟ್ಟಿಲ ಮೇಲೆ, ಆ ಖಾಕಿ ಅಂಗಿಯ ಹೆಗಲ ಮೇಲೆ ನಿದ್ದೆ ಹೋಗಿವೆ. ಹಾಗಾಗಿ ಅಷ್ಟು ವರ್ಷ ಟಾಕೀಸಿನಲ್ಲಿದ್ದೂ ಅವರು ಪೂರ್ತಿ ನೋಡಿದ ಸಿನಿಮಾ ಕಡಿಮೆ.

ಕಾಫಿ ಕೊಯ್ಲಿನ ದಿನಗಳಲ್ಲಿ ಭಾನುವಾರದ ಮ್ಯಾಟಿನಿಗೆ ಲೈನಿನ ಹೆಂಗಸರು ಗುಂಪಾಗಿ ಬರುತ್ತಿದ್ದರು. ಒಮ್ಮೆ ನಮ್ಮಮ್ಮ, ಪಕ್ಕದಲ್ಲಿ ಕೂತ ಕೊಯ್ಲಿನವಳನ್ನು ನೋಡಿ ಮೂಗು ಮುಚ್ಚಿಕೊಂಡು, "ಇವಳನ್ನ ಬೇರೆ ಕಡೆ ಕೂರ್ಸಿ," ಎಂದರು. ಗೇಟಕ್ಕ ಬ್ಯಾಟರಿಯನ್ನು ಅಮ್ಮನ ಟಿಕೆಟ್ಟಿನ ಮೇಲೆ ಬಿಟ್ಟರು, ಆಮೇಲೆ ಆ ಹೆಂಗಸಿನ ಟಿಕೆಟ್ಟಿನ ಮೇಲೆ ಬಿಟ್ಟರು. "ಎಲ್ಡೂ ಒಂದೇ ಬಣ್ಣ ಐತೆ ಕಣ್ರೀ. ವಾಸ್ನೆ ಆಗದೋರು ಎದ್ದು ಹೋಗ್ಬೋದು." ಅಮ್ಮ ಏಳಲಿಲ್ಲ. ಆದರೆ ಆ ಮಾತನ್ನು ಮರೆಯಲೂ ಇಲ್ಲ.

ಅವರನ್ನು ಮಮತೆಯ ಮೂರ್ತಿ ಎಂದು ಚಿತ್ರಿಸಿದರೆ ಸುಳ್ಳಾಗುತ್ತದೆ. ಬೈಗುಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಮುಂದಿನ ಸೀಟಿನ ಮೇಲೆ ಕಾಲಿಟ್ಟದ್ದಕ್ಕೆ ನನ್ನ ತಲೆಗೆ ಎರಡು ಸಲ ಮೊಟಕಿದ್ದಾರೆ. ಹೆಂಗಸರ ಗೇಟಿನಿಂದ ನುಸುಳಲು ನೋಡಿದ ಒಬ್ಬ ಗಂಡಸಿನ ಕಾಲರಿಗೆ ಕೊಡೆಯ ಹಿಡಿ ಸಿಕ್ಕಿಸಿ ರಸ್ತೆಯವರೆಗೂ ಎಳೆದುಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ.

ಈಗ ಆ ಮಾರ್ನಿಂಗ್ ಶೋ ವಿಷಯ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಳಿ ಬದಲಿಸಲೆಂದು ಘಾಟಿಯಲ್ಲಿ ರೈಲಿನ ಓಡಾಟ ನಿಂತಿತ್ತು, ಊರಿಗೆ ಕೇಬಲ್ ಟೀವಿ ಬಂದಿತ್ತು. ಡಿಗ್ರಿಯ ಮೊದಲ ವರ್ಷದಲ್ಲಿದ್ದ ನಮಗೆ ಒಬ್ಬ ಪಾಪ್ ಹಾಡುಗಾರ್ತಿಯ ಹುಚ್ಚು ಹಿಡಿದಿತ್ತು. ಸಿನಿಮಾದಲ್ಲಿ ಬೇರೆಯವರ ತುಟಿಗೆ ಹಾಡುವವಳಲ್ಲ ಆಕೆ. ತನ್ನ ಹಾಡನ್ನು ತಾನೇ ನಿಂತು ಹಾಡುತ್ತಿದ್ದಳು, ಗೊಗ್ಗರು ದನಿಯಲ್ಲಿ. ನನ್ನ ಗೆಳತಿ ಲವೀನಾಳ ಅಪ್ಪ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಅವರ ನೆಂಟರೆಲ್ಲ ಮಂಗಳೂರಿನಲ್ಲಿ. ಅಲ್ಲಿಂದ ಬಂದ ಕ್ಯಾಸೆಟ್ಟು ನಮ್ಮ ಕ್ಲಾಸಿನ ಹುಡುಗಿಯರ ಕೈಯಿಂದ ಕೈಗೆ ಹೋಗಿ ಟೇಪು ಸವೆದು ಆಕೆಯ ದನಿ ಇನ್ನಷ್ಟು ಗೊಗ್ಗರಾಗಿತ್ತು. ಕೋಣೆಯ ಬಾಗಿಲು ಹಾಕಿಕೊಂಡು ಕುಣಿಯುವುದು, ಅಮ್ಮ ಬಾಗಿಲು ಬಡಿದರೆ ಪುಸ್ತಕ ಹಿಡಿಯುವುದು. ನಮ್ಮ ಅಭಿಮಾನ ಇಷ್ಟರಲ್ಲೇ ಇತ್ತು.

ಆ ಹಾಡುಗಾರ್ತಿಯ ಮೇಲೆ ಯಾರೋ ಒಂದು ಸಾಕ್ಷ್ಯಚಿತ್ರ ತೆಗೆದರು. ಆಕೆಯ ಮನೆ, ತಾಲೀಮು, ಊರೂರಿನ ಕಾರ್ಯಕ್ರಮ, ಎಲ್ಲ ಇದ್ದ ಎರಡು ಗಂಟೆಯ ಚಿತ್ರ. ದೊಡ್ಡ ಊರುಗಳಲ್ಲಿ ಓಡಿದ ಮೇಲೆ ಅದರ ರೀಲಿನ ಡಬ್ಬಿಗಳು ಹೇಗೋ ಸಕಲೇಶಪುರಕ್ಕೂ ಬಂದವು. ಟಾಕೀಸಿನ ಸಾಹುಕಾರರು ಪೋಸ್ಟರ್ ನೋಡಿದರು. ತೋಳಿಲ್ಲದ ಅಂಗಿ, ಜೀನ್ಸು, ಕೆದರಿದ ಕೂದಲು, ಬೆವರಿದ ಕುತ್ತಿಗೆ. ಅವರಿಗೆ ಅಷ್ಟು ಸಾಕಾಯಿತು. ಎಲ್ಲರೂ ನೋಡಬಹುದಾದ ಆ ಚಿತ್ರದ ಪೋಸ್ಟರಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ದೊಡ್ಡ 'ಎ' ಬರೆಸಿ, ಮಾರ್ನಿಂಗ್ ಶೋಗೆ ಹಾಕಿದರು. ಆ ಕಾಲದಲ್ಲಿ ನಮ್ಮಂಥ ಊರಿನ ಮಾರ್ನಿಂಗ್ ಶೋ ಎಂದರೆ ಎಂಥದ್ದು, ಅದಕ್ಕೆ ಯಾರು ತಲೆಯ ಮೇಲೆ ಟವೆಲು ಹಾಕಿಕೊಂಡು ಹೋಗುತ್ತಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಆಟಕ್ಕೆ ಹೆಂಗಸರ ಗೇಟು ತೆಗೆಯುವ ಪದ್ಧತಿಯೇ ಇರಲಿಲ್ಲ.

"ಅದು ಅಂಥ ಪಿಕ್ಚರ್ ಅಲ್ಲ ಮಾರಾಯ್ತಿ," ಎಂದಳು ಲವೀನಾ. "ಮಂಗಳೂರಲ್ಲಿ ನನ್ನ ಚಿಕ್ಕಮ್ಮ ಮಕ್ಕಳನ್ನು ಕರ್ಕೊಂಡು ಹೋಗಿ ನೋಡಿ ಬಂದಿದ್ದಾರೆ." ಅವಳ ಮಾತು ನಂಬಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು ಕ್ಲಾಸು ತಪ್ಪಿಸಿ ಹನ್ನೊಂದು ಗಂಟೆಗೆ ಕೌಂಟರಿನಲ್ಲಿ ಟಿಕೆಟ್ ಕೊಂಡು ಟಾಕೀಸಿನ ಮುಂದೆ ನಿಂತೆವು. ಹೆಂಗಸರ ಗೇಟಿಗೆ ಬೀಗ. ಗೇಟಕ್ಕ ಒಳಗೆ ಕಸ ಗುಡಿಸುತ್ತಿದ್ದವರು ಪೊರಕೆ ಹಿಡಿದೇ ಬಂದರು.

"ಏನ್ರವ್ವ, ದಾರಿ ತಪ್ಪಿದ್ರಾ? ಇದು ಮಾರ್ನಿಂಗ್ ಶೋ ಕಣ್ರವ್ವ. ಮನೇಗ್ ಹೋಗಿ."

ಲವೀನಾ ಚಿತ್ರದ ಬಗ್ಗೆ ಹೇಳಿದಳು. ಹಾಡುಗಾರ್ತಿಯ ಬಗ್ಗೆ ಹೇಳಿದಳು. ಗೇಟಕ್ಕ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಮೇಲೆ ಆಪರೇಟರ್ ಕೋಣೆಗೆ ಹತ್ತಿದರು. ಹಿಂದಿನ ದಿನ ರೀಲು ಓಡಿಸಿ ನೋಡಿದ್ದವನು ಆತ. ಇಳಿದು ಬಂದು ಹೇಳಿದರು: "ಬರೀ ಹಾಡು, ಮಾತು, ಅವ್ರಮ್ಮ, ಇಷ್ಟೇ ಅಂತೆ. ಆ ಎ ಬರ್ದೋನ ಕೈ ಸೇದೋಗ." ಸೊಂಟದಿಂದ ಬೀಗದ ಕೈ ತೆಗೆದು ಗೇಟು ತೆರೆದರು. ಟಿಕೆಟ್ ಹರಿದು ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಕೇಳಿ, ವಿಚಾರಿಸಿ, ತಿಳಿದುಕೊಂಡು ತೆರೆದ ಗೇಟು ಅದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಊರು ಬೇರೆಯದೇ ಕತೆ ಹೇಳಿತು.

ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಎದೆಮಟ್ಟದ ಮೋಟು ಗೋಡೆ. ಆಚೆ ಐವತ್ತು ಅರವತ್ತು ಗಂಡಸರಿದ್ದರು. ಚಿತ್ರ ಶುರುವಾಯಿತು. ಪರದೆಯ ಮೇಲೆ ಆಕೆ ಅಡುಗೆಮನೆಯಲ್ಲಿ ಅಮ್ಮನ ಪಕ್ಕ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ಹೆಚ್ಚುತ್ತಲೇ ಗುನುಗುತ್ತಿದ್ದಳು. ನಮಗೆ ಹಿಂದಿ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಲವೀನಾ ನನ್ನ ಕೈ ಹಿಡಿದುಕೊಂಡು ಬಿಟ್ಟಳು. ಮೂರು ತಿಂಗಳು ಗಂಟಲು ಕಟ್ಟಿ ಹೋಗಿ, ಇನ್ನು ಹಾಡಲಾರೆ ಎಂದು ಡಾಕ್ಟರು ಹೇಳಿದ ಕತೆಯನ್ನು ಆಕೆ ಹೇಳುವಾಗ ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆಯುವುದು ಕೇಳಿಸಿತು.

ಆಚೆಯವರು ಕಾಲು ಗಂಟೆ ಕಾದರು. ಆಮೇಲೆ ಒಂದು ದನಿ ಬಂತು: "ಬಿಟ್ ಹಾಕ್ರೋ." ಮಾರ್ನಿಂಗ್ ಶೋಗಳಲ್ಲಿ ನಡುವೆ ಅಂಟಿಸುತ್ತಿದ್ದ ಕೊಳಕು ತುಂಡುಗಳಿಗೆ ಬಿಟ್ ಎನ್ನುತ್ತಿದ್ದರು. ನಗು ಎದ್ದಿತು. ಅಷ್ಟರಲ್ಲಿ ಪರದೆಯ ಮೇಲೆ ನಮ್ಮ ಹಾಡು ಬಂತು, ಆ ಸವೆದ ಕ್ಯಾಸೆಟ್ಟಿನ ಹಾಡು. ದೊಡ್ಡ ಮೈದಾನ, ಸಾವಿರಾರು ಜನ, ನಡುವೆ ಈಕೆ. ಯಾರು ಮೊದಲು ಎದ್ದರೋ ಗೊತ್ತಿಲ್ಲ, ನಾವೆಲ್ಲ ಎದ್ದು ನಿಂತಿದ್ದೆವು. ಹಾಡುತ್ತಿದ್ದೆವು. ಬಾಗಿಲು ಹಾಕದ ಜಾಗದಲ್ಲಿ ನಾನು ಕುಣಿದದ್ದು ಅದೇ ಮೊದಲು. ಲವೀನಾ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಅವಳಿಗೆ ಶಿಳ್ಳೆ ಬರುತ್ತದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

"ಪರ್ದೆ ಮೇಲೆ ಇಲ್ದಿದ್ರೆ ಏನಾಯ್ತು, ಇಲ್ಲೇ ಐತಲ್ರೋ," ಎಂದ ಆಚೆಯ ಒಬ್ಬ. ಆಮೇಲೆ ಬಂದ ಮಾತುಗಳನ್ನು ಬರೆಯುವುದಿಲ್ಲ. ಕಡಲೆಕಾಯಿ ಸಿಪ್ಪೆ ಬಂದು ಬಿತ್ತು. ಕೆಲವರು ಮೋಟು ಗೋಡೆಗೆ ಒರಗಿ ನಿಂತರು. ಉರಿಯುವ ಬೀಡಿಯ ತುಂಡೊಂದು ಬಿದ್ದು ಒಬ್ಬ ಹುಡುಗಿಯ ದುಪಟ್ಟಾ ಸುಟ್ಟು ತೂತಾಯಿತು. ಅವಳು ಕಿರುಚಿದಳು. ನಾವು ಹಾಡು ನಿಲ್ಲಿಸಿ ಒಬ್ಬರಿಗೊಬ್ಬರು ಅಂಟಿಕೊಂಡೆವು.

ಗೇಟಕ್ಕ ಓಡಿ ಬರಲಿಲ್ಲ. ನಡೆದೇ ಬಂದರು. ಮೋಟು ಗೋಡೆಯ ಈಚೆ ಒಂದು ಖಾಲಿ ಕುರ್ಚಿಯ ಮೇಲೆ ಹತ್ತಿ ನಿಂತರು. ಬ್ಯಾಟರಿ ಹಚ್ಚಿ ಆಚೆಯವರ ಮುಖಕ್ಕೆ ಬಿಟ್ಟರು, ಒಬ್ಬೊಬ್ಬರಿಗೇ.

"ನೀನು ಸೊಸೈಟಿ ಗುಮಾಸ್ತರ ಮಗ. ನಿಮ್ಮವ್ವಂಗೆ ಮೊನ್ನೆ ಈ ಕೈನಲ್ಲೇ ಟಿಕೆಟ್ ಹರ್ದಿದೀನಿ. ಹೇಳ್ಲಾ? ನೀನು, ಆ ಮೂಲೇಲಿರೋನು, ನಿನ್ ಮಗ್ಳು ಇದೇ ಕಾಲೇಜಲ್ಲಿ ಓದ್ತಾವ್ಳೆ. ಮುಖ ಯಾಕ್ ತಿರುಗಿಸ್ತೀಯ? ಬೀಡಿ ಎಸ್ದೋನು ಯಾವೋನು, ಗೋಡೆ ಹತ್ರ ಬಾ. ಬಾರೋ ಮಾರಾಯ, ಬೆಂಕಿ ನಾನ್ ಹಚ್ಚಿಕೊಡ್ತೀನಿ."

ಬೆಳಕು ಬಿದ್ದವನು ಕೂರುತ್ತಿದ್ದ. ಮುಂದಿನವನ ಮೇಲೆ ಬೀಳುತ್ತಿತ್ತು. ಪರದೆಯ ಮೇಲೆ ಹಾಡು ಹಾಗೇ ಓಡುತ್ತಿತ್ತು. ಬೆಳಕು ಕೊನೆಯ ಸಾಲಿಗೆ ಹೋಯಿತು. ತಲೆಯ ಮೇಲೆ ಟವೆಲು ಹೊದ್ದ ಒಬ್ಬರ ಮೇಲೆ ನಿಂತಿತು. ಟವೆಲಿನ ಕೆಳಗೆ ಹಣೆಯ ತುಂಬ ವಿಭೂತಿ.

"ಸ್ವಾಮಿ, ನೀವೂ ಬಂದಿದೀರಾ," ಎಂದರು ಗೇಟಕ್ಕ, ದನಿ ಇಳಿಸಿ. "ಟಿಕೆಟ್ ತಗೊಂಡಿದೀರಿ, ಕೂತ್ಕಳಿ. ಆದ್ರೆ ಇವ್ರಿಗೆಲ್ಲ ಒಂದ್ ಮಾತ್ ಹೇಳ್ಬೋದಿತ್ತು ನೀವು. ಹೆಣ್ಮಕ್ಳಿದಾವೆ ಸುಮ್ನಿರ್ರೋ ಅಂತ."

ಅವರು ನನ್ನ ಚಿಕ್ಕಪ್ಪ. ಅಪ್ಪನ ಜೊತೆ ಕತ್ತಿ, ಗುದ್ದಲಿ, ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದವರು. ಸೋಮವಾರ ತಪ್ಪದೆ ಶಿವನ ಗುಡಿಗೆ ಹೋಗುತ್ತಿದ್ದವರು. ಮನೆಯಲ್ಲಿ ಟೀವಿಯಲ್ಲಿ ಆ ಹಾಡುಗಾರ್ತಿ ಬಂದರೆ ಎದ್ದು ಆರಿಸುತ್ತಿದ್ದವರು. ಅವರು ಕಣ್ಣು ಕಿರಿದು ಮಾಡಿ ಬೆಳಕಿನಿಂದ ಮುಖ ತಪ್ಪಿಸುವಾಗ ಅವರ ಕಣ್ಣಿಗೆ ನಾನು ಬಿದ್ದೆ. ಎರಡು ಗಳಿಗೆ ನೋಡಿದರು. ಎದ್ದು ಹೊರಟುಹೋದರು.

ಆಮೇಲೆ ಯಾರೂ ಉಸಿರೆತ್ತಲಿಲ್ಲ. ಗೇಟಕ್ಕ ಕುರ್ಚಿಯಿಂದ ಇಳಿದು ಗೋಡೆಗೆ ಒರಗಿ, ಚಿತ್ರ ಮುಗಿಯುವ ತನಕ ಅಲ್ಲೇ ನಿಂತರು. "ಕೂತ್ರಾ ಯಾಕೆ? ಹಾಡ್ರಿ," ಎಂದರು. ನಾವು ಮತ್ತೆ ಎದ್ದೆವು. ಚಿಕ್ಕಪ್ಪನನ್ನು ಕಂಡ ಹೆದರಿಕೆಯಲ್ಲೂ ನಾನು ಎದ್ದೆ. ಅಷ್ಟು ಸಂತೋಷದ ಒಂದು ಗಂಟೆ ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ.

ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಹೋಗಿತ್ತು. ಚಿಕ್ಕಪ್ಪ ನಡುಮನೆಯಲ್ಲಿ ಕೂತಿದ್ದರು. ಅಂಗಡಿಗೆ ಬಂದ ಯಾರೋ ಹೇಳಿದರಂತೆ, ಟಾಕೀಸಿನ ಆ ಗಂಡ ಬಿಟ್ಟವಳು ಕಾಲೇಜು ಹುಡುಗಿಯರನ್ನು ಪುಸಲಾಯಿಸಿ ಮಾರ್ನಿಂಗ್ ಶೋಗೆ ಸೇರಿಸಿದಳಂತೆ, ಒಳಗೆ ಕುಣಿಸಿದಳಂತೆ. "ಇವತ್ತು ಕುಣಿಸ್ತಾಳೆ, ನಾಳೆ ಎಲ್ಲಿಗೆ ಕಳಿಸ್ತಾಳೋ," ಎಂದರು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಮಾತಾಡಿ ನೋಡು ಎನ್ನುವ ನೋಟ ಅದು. ಅಮ್ಮ, "ಅವಳ ಬಾಯಿ ಕಂಡಿಲ್ವಾ ನಾವು," ಎಂದು ಹಳೆಯ ಟಿಕೆಟ್ಟಿನ ಸಿಟ್ಟು ತೀರಿಸಿಕೊಂಡರು.

ಮಾರನೆಯ ದಿನ ನಾಲ್ಕು ಗಂಟೆಗೆ ಟಾಕೀಸಿನ ಆಫೀಸು ಕೋಣೆಯಲ್ಲಿ ಎಲ್ಲ ಸೇರಿದರು. ಸಾಹುಕಾರರು, ಅಪ್ಪ, ಚಿಕ್ಕಪ್ಪ, ಇನ್ನಿಬ್ಬರು ಹುಡುಗಿಯರ ತಂದೆಯರು. ಲವೀನಾಳನ್ನು ಅವಳಪ್ಪ ಬೆಳಗಿನ ಬಸ್ಸಿಗೇ ಮಂಗಳೂರಿಗೆ ಸಾಗಿಸಿದ್ದರು. ಹುಡುಗಿಯರ ಪೈಕಿ ಕರೆದದ್ದು ನನ್ನೊಬ್ಬಳನ್ನೇ. ಗೇಟಕ್ಕ ಬಾಗಿಲ ಹತ್ತಿರ ನಿಂತಿದ್ದರು. ಅವರಿಗೆ ಯಾರೂ ಕೂರಲು ಹೇಳಲಿಲ್ಲ.

"ಬೆಳಗಿನ ಆಟಕ್ಕೆ ಹೆಂಗಸರ ಗೇಟು ತೆಗೀಬೇಕು ಅಂತ ನಿಂಗೆ ಹೇಳ್ದೋರು ಯಾರು?" ಎಂದರು ಸಾಹುಕಾರರು.

"ಟಿಕೆಟ್ ಕೊಟ್ಟೋರು ನೀವು. ಗೇಟ್ ತೆಗ್ದೋಳು ನಾನು," ಎಂದರು ಗೇಟಕ್ಕ. "ಎಲ್ರೂ ನೋಡೋ ಪಿಕ್ಚರ್‌ಗೆ ಎ ಅಂತ ಬರ್ಸಿದ್ದು ಯಾರು, ಅದನ್ನ ಮೊದ್ಲು ಕೇಳ್ಕಳಿ."

"ನಾಲಿಗೆ ಬಿಗಿ ಹಿಡ್ಕೊ."

"ಹಿಡೀತೀನಿ. ನಿನ್ನೆ ಹೆಣ್ಮಕ್ಳ ಮೇಲೆ ಬೀಡಿ ಎಸ್ದೋರ್ನ ಯಾಕೆ ಕರ್ಸಿಲ್ಲ ಇಲ್ಲಿ? ಏನಾಯ್ತು ಅಂತ ಇವ್ರನ್ನೇ ಕೇಳಿ." ಚಿಕ್ಕಪ್ಪನ ಕಡೆ ಕೈ ತೋರಿಸಿದರು. "ಇವ್ರೂ ಇದ್ರಲ್ಲ, ಕೊನೇ ಸಾಲಲ್ಲಿ."

ಚಿಕ್ಕಪ್ಪ ಗಾಬರಿಯಾಗಲಿಲ್ಲ. ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. "ನೋಡಿದ್ರಾ, ನನ್ನ ಮೇಲೇ ಬಂದ್ಲು. ನಾನು ಅಂಗಡೀಲಿದ್ದೆ. ಅಣ್ಣನ್ನೇ ಕೇಳಿ."

ಹಿಂದಿನ ದಿನ ಬ್ಯಾಂಕಿಗೆ ಹೋಗಿ ಬರುತ್ತೇನೆಂದು ಚಿಕ್ಕಪ್ಪ ಹತ್ತೂವರೆಗೇ ಎದ್ದು ಹೋದದ್ದು ಅಪ್ಪನಿಗೆ ಗೊತ್ತಿತ್ತು. ಅಪ್ಪ ನೆಲ ನೋಡಿದರು. "ಹೌದು, ಅಂಗಡೀಲೇ ಇದ್ದ," ಎಂದರು.

ಗೇಟಕ್ಕ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಭಯವಿರಲಿಲ್ಲ. ನಾನು ಅವರ ಕಡೆ ಇದ್ದೇನೆ ಎಂಬ ಧೈರ್ಯವಿತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

"ನೀನ್ ಹೇಳವ್ವ. ನಿಮ್ಮ ಚಿಕ್ಕಪ್ಪ ಇದ್ರೋ ಇಲ್ವೋ? ನಾನ್ ನಿಮ್ನ ಕರ್ದ್ನೋ, ನೀವೇ ಬಂದ್ರೋ?"

ಎಲ್ಲರೂ ನನ್ನನ್ನು ನೋಡಿದರು. ಕಾಲೇಜು ಬಿಡಿಸುತ್ತಾರೆ ಎಂದುಕೊಂಡೆ. ಮದುವೆ ಮಾಡುತ್ತಾರೆ ಎಂದುಕೊಂಡೆ. ಈ ಎರಡನ್ನೂ ನೆಪವಾಗಿ ಹೇಳುತ್ತಿಲ್ಲ. ತಲೆಯಲ್ಲಿ ಬಂದದ್ದು ಅಷ್ಟೇ.

"ಗೊತ್ತಿಲ್ಲ," ಎಂದೆ. "ಕತ್ತಲಿತ್ತು."

ಗೇಟಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟರು. ಬ್ಯಾಟರಿಯನ್ನು ಅದರ ಪಕ್ಕ ಇಟ್ಟರು. "ಖಾಕಿ ಅಂಗಿ ನಂದೇ," ಎಂದು ಹೇಳಿ ಹೋದರು. ಅವರ ಜಾಗಕ್ಕೆ ಸಾಹುಕಾರರು ಯಾರನ್ನೂ ಹಾಕಲಿಲ್ಲ. ಕೆಲವು ತಿಂಗಳಲ್ಲಿ ಹೆಂಗಸರು ಆ ಟಾಕೀಸಿಗೆ ಹೋಗುವುದೇ ಕಡಿಮೆಯಾಯಿತು. ಊರಿಗೆ ಅದರಿಂದ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಅವರ ಕುರಿತು ಆಮೇಲೆ ಹಬ್ಬಿದ ಮಾತುಗಳು ಒಂದಲ್ಲ ಎರಡಲ್ಲ. ಹುಡುಗಿಯರನ್ನು ಎಲ್ಲಿಗೋ ಸಾಗಿಸುತ್ತಿದ್ದಳಂತೆ. ಗಂಡ ಬಿಟ್ಟದ್ದೂ ಅದಕ್ಕೇ ಅಂತೆ. ಬಾಡಿಗೆ ಮನೆಯವರು ಮನೆ ಬಿಡಿಸಿದರು. ಸಂತೆಯಲ್ಲಿ ಅವರನ್ನು ಕಂಡರೆ, ಅವರ ಹೆಗಲ ಮೇಲೆ ಮಕ್ಕಳನ್ನು ಮಲಗಿಸಿದ್ದ ಹೆಂಗಸರೇ ಸೆರಗು ಸರಿಮಾಡಿಕೊಂಡು ಆಚೆ ಸರಿಯುತ್ತಿದ್ದರು. ಅವರು ಊರು ಬಿಟ್ಟು ಕೆ. ಹೊಸಕೋಟೆ ಕಡೆಯ ಯಾವುದೋ ಎಸ್ಟೇಟಿಗೆ ಕೆಲಸಕ್ಕೆ ಸೇರಿದರೆಂದು ಕೇಳಿದೆ. ನಾನು ಡಿಗ್ರಿ ಮುಗಿಸಿದೆ, ಬಿ.ಎಡ್. ಮಾಡಿದೆ, ಕೆಲಸ ಸಿಕ್ಕಿತು. ನನ್ನನ್ನು ಕಾಲೇಜಿನಿಂದ ಯಾರೂ ಬಿಡಿಸಲಿಲ್ಲ. ನಾನು ಕೊಟ್ಟ ಸಾಕ್ಷಿಗೆ ಸಿಕ್ಕ ಕೂಲಿ ಅದು.

ಅವರನ್ನು ಮತ್ತೆ ನೋಡಿದ್ದು ಒಂದೇ ಸಲ, ಕೆ. ಹೊಸಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ. ಈ ಕಡೆಯ ಶಾಲೆಗೆ ಬಂದು ಆಗಿನ್ನೂ ಒಂದು ವರ್ಷವಾಗಿತ್ತು. ಕಟ್ಟೆಯ ಮೇಲೆ ಕೂತಿದ್ದರು. ಕೂದಲು ಬೆಳ್ಳಗಾಗಿತ್ತು, ಕೈಬೆರಳು ಕಾಫಿ ಹಣ್ಣಿನ ಕರೆಯಿಂದ ಕಪ್ಪಾಗಿತ್ತು. ನನ್ನ ಮುಖ ನೋಡಿದ ತಕ್ಷಣ, "ಗೊಬ್ಬರದ ಅಂಗಡಿ ಹುಡ್ಗಿ," ಎಂದರು.

ಹತ್ತಿರ ಹೋಗಿ ನಿಂತೆ. "ತಪ್ಪಾಯ್ತು ಗೇಟಕ್ಕ," ಎಂದೆ.

"ಯಾವ್ದು?"

"ಅವತ್ತು ನಾನು ನಿಜ ಹೇಳ್ಲಿಲ್ಲ."

"ಅದಾ." ಬಸ್ಸು ಬರುವ ದಾರಿಯನ್ನೇ ನೋಡುತ್ತ ಹೇಳಿದರು. "ನೀನು ಹೇಳಿದ್ರೂ ಅವ್ರು ನನ್ನ ಕಳಿಸೋರೇಯ. ಅದು ಬೇರೆ ಮಾತು. ನೀನ್ ಹೇಳಿದ್ರೆ ಒಬ್ರಾದ್ರೂ ನನ್ ಕಡೆ ಇದ್ರು ಅಂತಿರೋದು. ಅದ್ನೂ ಕಿತ್ಕಂಡೆ ನೀನು."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ.

"ನನ್ ಮುಂದೆ ಅತ್ರೆ ನಿಂಗೆ ಹಗುರ ಆಯ್ತದೆ, ನಂಗೇನಾಯ್ತದೆ? ಅಲ್ಲಿ ಕೂತಿದ್ರಲ್ಲ, ಅವ್ರ ಮುಂದೆ ಹೇಳೋಗು. ಆಗ್ದಿದ್ರೆ ಬುಡು. ಕ್ಷಮೆ ಗಿಮೆ ಅಂತ ನನ್ ಹತ್ರ ಬರ್ಬ್ಯಾಡ." ಆಮೇಲೆ ಕೇಳಿದರು: "ಆಯಮ್ಮ ಇನ್ನೂ ಹಾಡ್ತಾಳಾ?"

"ಈಗ ಕಡಿಮೆ," ಎಂದೆ. "ಹೊಸಬರು ಬಂದಿದ್ದಾರೆ."

"ಚೆನ್ನಾಗಿ ಹಾಡೋಳು. ನಂಗೆ ಭಾಷೆ ಗೊತ್ತಾಗ್ಲಿಲ್ಲ. ಆದ್ರೂವೆ ಪೂರ್ತಿ ನೋಡ್ದೆ." ಬಸ್ಸು ಬಂತು. ಎದ್ದು ಹತ್ತಿದರು. ಕಿಟಕಿಯಿಂದ ಕೈ ಬೀಸಲಿಲ್ಲ.

ಅವರು ಹೇಳಿದಂತೆ ಹೋಗಿ ಹೇಳಬೇಕಾಗಿತ್ತು. ಅದೇ ವಾರ, ಅದೇ ತಿಂಗಳು. ನಾನು ಹಬ್ಬಕ್ಕೆ ಹೋದೆ, ಉಂಡೆ, ಬಂದೆ. ಚಿಕ್ಕಪ್ಪನಿಗೆ ವಯಸ್ಸಾಯಿತು ಎಂದುಕೊಂಡೆ. ಚಿಕ್ಕಮ್ಮನಿಗೆ ನೋವಾದೀತು ಎಂದುಕೊಂಡೆ. ಹೇಳದೆ ಇರಲು ಕಾರಣ ಹುಡುಕುವುದರಲ್ಲಿ ನಮ್ಮ ಮನೆತನದ ಜಾಣತನ ನನಗೂ ಬಂದಿತ್ತು. ಹೀಗೇ ಮೂರು ವರ್ಷ ಕಳೆದೆ.

ಕಂಡಕ್ಟರು ಸುದ್ದಿ ಹೇಳಿದ ಆ ವಾರದ ಕೊನೆಯಲ್ಲಿ ಸಕಲೇಶಪುರಕ್ಕೆ ಹೋದೆ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಪ್ಪ, ಚಿಕ್ಕಪ್ಪ, ನಾನು. ಅಮ್ಮ, ಚಿಕ್ಕಮ್ಮ ಬಡಿಸುತ್ತಿದ್ದರು.

"ಟಾಕೀಸಿನ ಗೇಟಲ್ಲಿದ್ದೋರು ತೀರ್ಕೊಂಡ್ರು," ಎಂದೆ.

"ಯಾರದು?" ಎಂದರು ಚಿಕ್ಕಪ್ಪ, ಅನ್ನ ಕಲಸುತ್ತ.

ಅವರು ನಾಟಕವಾಡುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದರು. ಒಬ್ಬ ಹೆಂಗಸಿನ ಕೆಲಸ, ಮನೆ, ಮಾನ ಕಳೆದು, ಅದನ್ನು ಮರೆತು, ಹತ್ತು ವರ್ಷ ನೆಮ್ಮದಿಯಾಗಿ ಉಂಡಿದ್ದರು.

"ಮಾರ್ನಿಂಗ್ ಶೋನಲ್ಲಿ ನಿಮ್ಮನ್ನ ಕಂಡೋರು," ಎಂದೆ. "ನಾನೂ ಕಂಡೆ ಚಿಕ್ಕಪ್ಪ. ಕೊನೇ ಸಾಲಲ್ಲಿ ಕೂತಿದ್ರಿ. ಹುಡುಗೀರ ಮೇಲೆ ಬೀಡಿ ಎಸೀವಾಗ ಕೂತೇ ಇದ್ರಿ. ಆಮೇಲೆ ಆ ಆಫೀಸಲ್ಲಿ ಸುಳ್ಳು ಹೇಳಿದ್ರಿ. ಅಪ್ಪ ಸುಳ್ಳು ಹೇಳಿದ್ರು. ನಾನೂ ಹೇಳ್ದೆ. ಅವರು ಹುಡುಗೀರನ್ನ ಕರೀಲಿಲ್ಲ. ನಾವಾಗೇ ಹೋಗಿದ್ವಿ."

ಅಪ್ಪ, "ಉಣ್ಣೋ ಹೊತ್ತಲ್ಲಿ ಯಾಕವ್ವ ಇದೆಲ್ಲ," ಎಂದರು. ಅಮ್ಮ ಬಡಿಸುವುದು ಬಿಟ್ಟು ಕೂತು ಗೋಡೆ ನೋಡುತ್ತಿದ್ದರು. ನಾನು ಚಿಕ್ಕಮ್ಮನ ಮುಖ ನೋಡಿದೆ. ಇಷ್ಟು ವರ್ಷ ಯಾರಿಗೆ ನೋವಾದೀತು ಎಂದು ಬಾಯಿ ಕಟ್ಟಿಕೊಂಡಿದ್ದೆನೋ, ಆ ಚಿಕ್ಕಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟು ನೆಲದ ಮೇಲೆ ಕೂತರು.

"ನಂಗೊತ್ತಿತ್ತು ಕಣೆ," ಎಂದರು. "ನೀವೆಲ್ಲ ಟಾಕೀಸ್ ಆಫೀಸಿಂದ ಬಂದ ಸಂಜೇನೇ ಅವಳು ಹಿತ್ಲ ಬಾಗ್ಲಿಗೆ ಬಂದಿದ್ಲು. ನಿಮ್ ಯಜಮಾನ್ರೂ ಅಲ್ಲಿದ್ರು, ನಿಮ್ ಹುಡ್ಗಿ ಹೆದರ್ಕಂಡ್ ಐತೆ, ನೀವಾದ್ರೂ ಒಂದ್ ಮಾತು ಹೇಳ್ಸಿ ಅಮ್ಮಾವ್ರೆ, ಮನೆ ಬಿಡ್ಸ್ತಾವ್ರೆ ಅಂದ್ಲು. ನಾನು ಬಾಗ್ಲು ಹಾಕ್ದೆ. ಹೊರಗೆ ಎಷ್ಟೋ ಹೊತ್ತು ನಿಂತೇ ಇದ್ಲು."

"ಯಾಕೆ ಹಾಕಿದ್ರಿ?" ಎಂದೆ.

"ಅವಳ ಗಂಡ ಬಿಟ್ಟು ಹೋಗಿದ್ದ. ನನ್ ಗಂಡ ಮನೇಲೇ ಇದ್ರಲ್ಲ, ಅವ್ರ ಜೊತೆ ಬಾಳ್ಬೇಕಿತ್ತಲ್ಲ."

ಚಿಕ್ಕಪ್ಪ ತಟ್ಟೆಯಲ್ಲಿದ್ದ ಅನ್ನವನ್ನು ಅತ್ತಿತ್ತ ಸರಿಸಿದರು. ಆಮೇಲೆ ಏನೂ ಆಗಿಲ್ಲದ ದನಿಯಲ್ಲಿ, "ಮಜ್ಜಿಗೆ," ಎಂದರು.

ಚಿಕ್ಕಮ್ಮ ಏಳಲಿಲ್ಲ. ಅಮ್ಮ ಅಭ್ಯಾಸಬಲದಿಂದ ಅರ್ಧ ಎದ್ದವರು ಚಿಕ್ಕಮ್ಮನನ್ನು ನೋಡಿ ಮತ್ತೆ ಕೂತರು. ಮಜ್ಜಿಗೆಯ ಪಾತ್ರೆ ಚಿಕ್ಕಪ್ಪನಿಗೆ ಎರಡು ಮಾರು ದೂರದಲ್ಲಿತ್ತು. ಅವರು ಕಾದರು. ಕೊನೆಗೆ ಮೊಣಕಾಲಿಗೆ ಕೈಯೂರಿ ಎದ್ದು, ಹೋಗಿ, ಎಡಗೈಯಲ್ಲಿ ಬಗ್ಗಿಸಿಕೊಂಡು ಬಂದು ಕೂತು, ಕೊನೆಯ ತುತ್ತಿನವರೆಗೂ ಉಂಡರು. ನಾವು ನಾಲ್ಕು ಜನ ಅವರು ಉಣ್ಣುವುದನ್ನು ನೋಡುತ್ತ ಕೂತಿದ್ದೆವು.